ಕಂಟ್ರೋಲರಿಗೆ ಸಾರು ಸೇರದ ದಿನ

ನಮ್ಮ ಕಂಟ್ರೋಲರ್ ಬಗ್ಗೆ ಬರೆಯುತ್ತೇನೆ ಎಂದು ಅವರಿಗೇ ಫೋನು ಮಾಡಿ ಹೇಳಿದೆ. ಅವರು, "ಬರಿ ತಂಗಿ. ಹೆಸ್ರೊಂದು ಹಾಕಡ. ಹೆಸ್ರು ಹಾಕಿದ್ರೆ ಜನ ಯನ್ನ ನೋಡ್ತ, ಹಾಕ್ದೇ ಇದ್ರೆ ಕಾಯ್ಲೆನ ನೋಡ್ತ" ಎಂದರು. ಹಾಗಾಗಿ ಹೆಸರಿಲ್ಲ. ಶಿರಸಿ ಬಸ್ ನಿಲ್ದಾಣದಲ್ಲಿ ಅವರಿಗೆ ಹೆಸರಿನ ಅಗತ್ಯವೂ ಇರಲಿಲ್ಲ. ಎಲ್ಲರಿಗೂ ಅವರು ಕಂಟ್ರೋಲರ್, ಇಲ್ಲವೇ ಸಾಹೇಬ್ರು.

ಕಂಟ್ರೋಲರ್ ಎಂದರೆ ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂತು, ಬಸ್ಸುಗಳು ಬಂದದ್ದು ಹೋದದ್ದು ಬರೆದುಕೊಂಡು, ಮೈಕಿನಲ್ಲಿ ಕೂಗುವವರು. ನಾನು ಅದೇ ಊರಿನಲ್ಲಿ ಕಂಡಕ್ಟರ್. ವಾನಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಇಸಳೂರಿಗೆ ಬಂದವಳು. ಅವರ ಮನೆಯೂ ಇಸಳೂರಿನಲ್ಲೇ, ನಮ್ಮ ಮನೆಯಿಂದ ಒಂದು ತಿರುವು ದಾಟಿದರೆ ಸಿಗುತ್ತಿತ್ತು. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಅವರನ್ನು ಕೆಲಸದ ಜಾಗದಲ್ಲಿ ಸರ್, ಮನೆಯ ಬಳಿ ಅಣ್ಣ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರನ್ನು ಕಂಡರೆ ನನಗೆ ಹೆದರಿಕೆ. ಸಿಟ್ಟಿನ ಮನುಷ್ಯ ಎಂದಲ್ಲ, ಅವರ ಮುಖ ಓದಲು ಬರುತ್ತಿರಲಿಲ್ಲ. ಯಾರದ್ದೋ ಮನೆಯಲ್ಲಿ ಮಗು ಹುಟ್ಟಿತೆಂದು ಪೇಡೆ ಹಂಚಿದರೆ ತಮ್ಮ ಪಾಲನ್ನು ಹಾಗೇ ಪಕ್ಕದವರ ಕೈಗೆ ದಾಟಿಸುತ್ತಿದ್ದರು. ಸಕ್ಕರೆ ಕಾಯಿಲೆಯೇನೂ ಇರಲಿಲ್ಲ. ವಿಶ್ರಾಂತಿ ಕೋಣೆಯ ಟಿವಿಯಲ್ಲಿ ನಮ್ಮವರು ಕ್ರಿಕೆಟ್ ಗೆದ್ದು ಡ್ರೈವರುಗಳೆಲ್ಲ ಕುಣಿಯುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತು, "ಹುಬ್ಬಳ್ಳಿ ಗಾಡಿ ಯಾರ್ದು, ಟೈಮಾಯ್ತು" ಎಂದದ್ದು ನೆನಪಿದೆ. ಒಬ್ಬಳೇ ಮಗಳ ಮದುವೆಯಲ್ಲೂ ಮಂಟಪದ ಪಕ್ಕ ಕುರ್ಚಿ ಹಾಕಿಕೊಂಡು, ಬರಬೇಕಾದ ಬಸ್ಸೊಂದು ತಡವಾದ ಹಾಗೆ ಕೂತಿದ್ದರು.

ಊಟದ ವಿಷಯವೂ ಹಾಗೆಯೇ. "ಇವಕ್ಕೆ ಹುಲ್ಲು ಬೇಯ್ಸಿ ಹಾಕಿದ್ರೂ ಅಷ್ಟೇಯ, ಹೋಳಿಗೆ ಬಡ್ಸಿದ್ರೂ ಅಷ್ಟೇಯ" ಎಂದು ಅತ್ತಿಗೆ ಗಂಡನ ಬಗ್ಗೆ ಹೇಳುತ್ತಿದ್ದರು. ಚೆನ್ನಾಗಿದೆ ಎಂದದ್ದಿಲ್ಲ, ಚೆನ್ನಾಗಿಲ್ಲ ಎಂದದ್ದೂ ಇಲ್ಲ. ಬೇಗ ಬೇಗ ಉಂಡು, ಎದ್ದು ಬಟ್ಟಲು ತೊಳೆದಿಡುವುದು. ಕೂತರೆ ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ಹಿಂದಿನಿಂದ ಯಾರಾದರೂ ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಿದ್ದರು. ಡ್ರೈವರುಗಳು ಇದನ್ನೇ ತಮಾಷೆ ಮಾಡಿಕೊಂಡಿದ್ದರು.

ಆದರೆ ಒಂದು ದಿನ ನಾನು ನೋಡಿದ್ದು ಬೇರೆ. ನಿಲ್ದಾಣದಲ್ಲಿ ಒಬ್ಬಾತ ತನ್ನ ಐದಾರು ವರ್ಷದ ಮಗಳಿಗೆ, ಐಸ್‌ಕ್ಯಾಂಡಿ ಚೆಲ್ಲಿದಳೆಂದು, ಕೆನ್ನೆಗೆ ಬಾರಿಸಿದ. ಇನ್ನೊಂದು ಏಟಿಗೆ ಕೈ ಎತ್ತುವಷ್ಟರಲ್ಲಿ ಕಂಟ್ರೋಲರ್ ಕೋಣೆಯಿಂದ ಹೊರಗೆ ಬಂದು ಅಪ್ಪ ಮಗಳ ಮಧ್ಯೆ ನಿಂತುಬಿಟ್ಟರು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಸುಮ್ಮನೆ ನಿಂತರು. ಆತ, "ಏನ್ರೀ ನಿಮ್ದು?" ಎಂದು ಕೂಗಾಡಿದ. ಇವರು ಕದಲಲಿಲ್ಲ. ಆ ಬಸ್ಸು ಹೊರಡುವವರೆಗೂ ಮೈಕು ಮೂಕವಾಗಿತ್ತು. ಆಮೇಲೆ ಒಳಗೆ ಹೋಗಿ ಬೆನ್ನು ಗೋಡೆಗೊತ್ತಿ ಕೂತರು. ನಾನು ನೀರು ಕೊಟ್ಟೆ. ಕುಡಿದು, "ಹೂಂ, ನಿನ್ ಗಾಡಿ ಟೈಮಾತು" ಎಂದರು.

ಹೀಗಿದ್ದವರು ಒಂದು ಸಂಜೆ ಬೈಕಿನಲ್ಲಿ ಮನೆಗೆ ಬರುವಾಗ ದನ ಅಡ್ಡ ಬಂದು ಬಿದ್ದರು. ತೊಡೆಯ ಮೂಳೆ ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಕಾಲಿಗೆ ರಾಡು ಹಾಕಿದರು. ಕೆಲವು ದಿನಕ್ಕೆಂದು ಬಲವಾದ ನೋವಿನ ಮಾತ್ರೆ ಬರೆದುಕೊಟ್ಟರು. ಅದು ಅಫೀಮಿನ ಬಳಗದ್ದು ಎಂದು ನಮಗೆ ತಿಳಿದದ್ದು ಬಹಳ ತಡವಾಗಿ.

ರಜೆ ಮುಗಿಸಿ ಕೋಲೂರಿಕೊಂಡು ಬಂದ ಕಂಟ್ರೋಲರ್ ಬೇರೆಯೇ ಮನುಷ್ಯರಾಗಿದ್ದರು. "ಸಿದ್ದಾಪುರ ಮಾರ್ಗವಾಗಿ ಸಾಗರಕ್ಕೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ" ಎಂಬ ಅದೇ ಮಾತನ್ನು ಈಗ ಮದುವೆಗೆ ಕರೆದ ಹಾಗೆ ಹೇಳುತ್ತಿದ್ದರು. ಅಜ್ಜಿಯರ ಕೈಚೀಲ ಎತ್ತಿಕೊಡುತ್ತಿದ್ದರು. ಡ್ರೈವರುಗಳ ಜೊತೆ ಚಹಾ ಕುಡಿದು ಹರಟೆ ಹೊಡೆಯುತ್ತಿದ್ದರು. "ಬಿದ್ದ ಪೆಟ್ಟಿಗೆ ಸಾಹೇಬ್ರ ಬೀಗ ತೆಗೀತು ನೋಡಿ" ಎಂದು ಯಲ್ಲಾಪುರದವರಾದ, ಸಿದ್ದಾಪುರದ ಗಾಡಿ ಓಡಿಸುವ ನಮ್ಮ ಡ್ರೈವರ್ ಭಾಯಿ ನಕ್ಕರು. ಅತ್ತಿಗೆಯೂ ಖುಷಿಯಲ್ಲಿದ್ದರು. ಗಂಡ ಸಂಜೆ ಅಂಗಳದಲ್ಲಿ ಕೂತು ಮಾತಾಡುವುದನ್ನು ಅವರು ಸಂಸಾರ ಶುರುವಾದಾಗಿನಿಂದ ಕಂಡಿರಲಿಲ್ಲ.

ನನ್ನ ಬಸ್ಸು ಯಲ್ಲಾಪುರಕ್ಕೆ ಹೋಗುತ್ತಿತ್ತು. ಒಂದು ಬೆಳಗ್ಗೆ ಕಂಟ್ರೋಲರ್ ಡಾಕ್ಟರ ಚೀಟಿ ಕೊಟ್ಟು, "ಅಲ್ಲಿ ಗಾಡಿ ನಿಂತಾಗ ಈ ಮಾತ್ರೆ ತಂದ್ಕೊಡ್ತ್ಯಾ? ಇಲ್ಲಿ ಸಿಕ್ತಿಲ್ಲೆ" ಎಂದರು. ತಂದುಕೊಟ್ಟೆ. ಮುಂದಿನ ವಾರ ಮತ್ತೆ ಕೊಟ್ಟರು. ಕಾಲಿನ ನೋವು ಇನ್ನೂ ಇದೆಯಲ್ಲ ಪಾಪ, ಎಂದುಕೊಂಡೆ. ಒಂದು ಮಧ್ಯಾಹ್ನ ವಿಶ್ರಾಂತಿ ಕೋಣೆಯಲ್ಲಿ ಭಾಯಿ ನನ್ನ ಕೈಯಲ್ಲಿದ್ದ ಔಷಧದ ಪೊಟ್ಟಣ ನೋಡಿ ಕೇಳಿದರು.

"ಅಕ್ಕಾ, ಇದು ಸಾಹೇಬ್ರ ಮಾತ್ರೇನಾ?"

"ಹೌದು, ಯಲ್ಲಾಪುರದಿಂದ ತಂದೆ."

"ಅರೇ, ನಾನೂ ಸಿದ್ದಾಪುರದಿಂದ ತಂದ್ಕೊಡ್ತಾ ಇದೀನಲ್ಲ. ಮೊನ್ನೆನೂ ತಂದೆ."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಸಂಜೆ ನಾನು ಅವರ ಕೋಣೆಗೆ ಹೋಗಿ ನೇರವಾಗಿ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಕಿಟಕಿಯ ಕಡೆ ನೋಡುತ್ತ, "ನೋವಿದ್ದು ತಂಗಿ" ಎಂದರು.

"ಕಾಲ್ನೋವಾ?"

ಅವರು ಮೈಕಿನತ್ತ ಬಾಗಿ ಸಾಗರದ ಬಸ್ಸನ್ನು ಕೂಗಿದರು. ನಾನೂ ಭಾಯಿಯೂ ಮಾತ್ರೆ ತರುವುದನ್ನು ಬಿಟ್ಟೆವು. ಅತ್ತಿಗೆಗೂ ಹೇಳಿದೆ. ಮುಂದಿನ ಕೆಲವು ದಿನ ಅವರ ಮೂಗು ಸೋರುತ್ತಿತ್ತು, ಆಕಳಿಕೆ ಮೇಲೆ ಆಕಳಿಕೆ, ಸೆಕೆಯಲ್ಲೂ ಮೈ ಮುಳ್ಳೆದ್ದಿರುತ್ತಿತ್ತು. "ಶೀತ ಆಯ್ದು" ಎನ್ನುತ್ತಿದ್ದರು.

ಆಮೇಲೆ ಒಂದು ದಿನ, ಮಧ್ಯಾಹ್ನದ ಊಟದ ಹೊತ್ತು ಕಳೆದು ನಿಲ್ದಾಣ ತೂಕಡಿಸುತ್ತಿದ್ದಾಗ, ಧ್ವನಿವರ್ಧಕದಲ್ಲಿ ಗೊರಕೆ ಕೇಳಿಸಿತು. ಕಂಟ್ರೋಲರ್ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದರು, ಮೈಕು ಹಾಕಿಯೇ ಇತ್ತು. ಜನ ನಗತೊಡಗಿದರು. ಕಾಲೇಜು ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಯಾರೋ, "ಗೊರಕೆ ಮಾರ್ಗವಾಗಿ ಸ್ವರ್ಗಕ್ಕೆ ಹೋಗುವ ಬಸ್ಸು" ಎಂದರು. ಇನ್ನೂ ದೊಡ್ಡ ನಗು. ನಾನೂ ಟಿಕೆಟ್ ಯಂತ್ರ ಕೈಯಲ್ಲಿ ಹಿಡಿದು ನಗುತ್ತಿದ್ದೆ. ಆದರೆ ಒಂದು ಗೊರಕೆ ಆದ ಮೇಲೆ ಇನ್ನೊಂದು ಬರಲು ತಡವಾಯಿತು. ಅದು ಬಂದ ಮೇಲೆ ಮುಂದಿನದು ಇನ್ನೂ ತಡ. ಕೇಳಿಸಿದ ಸದ್ದೂ ಗೊರಕೆಯಂತಿರಲಿಲ್ಲ, ನೀರಿನಲ್ಲಿ ಗುಳುಗುಳು ಎಂದಂತಿತ್ತು. ಆಮೇಲೆ ಧ್ವನಿವರ್ಧಕದಲ್ಲಿ ಏನೂ ಇಲ್ಲ.

ಓಡಿದೆ. ಮುಟ್ಟಿದರೆ ಮೈ ತಣ್ಣಗಿತ್ತು, ತುಟಿ ನೀಲಿಗಟ್ಟಿತ್ತು. "ಭಾಯೀ!" ಎಂದು ಕಿರುಚಿದ್ದು ಮೈಕಿನಲ್ಲಿ ಇಡೀ ನಿಲ್ದಾಣಕ್ಕೆ ಕೇಳಿಸಿತಂತೆ. ಭಾಯಿ ಅವರನ್ನು ಮಗುವಿನಂತೆ ಎತ್ತಿಕೊಂಡು ಆಟೋಗೆ ಹಾಕಿದರು. ದಾರಿಯುದ್ದಕ್ಕೂ ನಾನು ಅವರ ಕೆನ್ನೆ ತಟ್ಟುತ್ತ, "ಅಣ್ಣಾ ಉಸ್ರಾಡಿ, ಉಸ್ರಾಡಿ" ಎಂದು ಕೂಗುತ್ತಿದ್ದೆ. ಕೂಗಿದಾಗೊಮ್ಮೆ ಉಸಿರೆಳೆದು ಮತ್ತೆ ಮರೆತುಬಿಡುತ್ತಿದ್ದರು. ಆಸ್ಪತ್ರೆಯಲ್ಲಿ ನಾನು ಮಾತ್ರೆಯ ಹೆಸರು ಹೇಳುತ್ತಿದ್ದಂತೆ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಕಂಟ್ರೋಲರ್ ಗಕ್ಕನೆ ಕಣ್ಣು ಬಿಟ್ಟು ಎದ್ದು ಕೂತರು. ಭಾಯಿ ಅಲ್ಲಿಯೇ ಗೋಡೆಗೊರಗಿ ಅತ್ತರು.

ಕೆಲವು ದಿನ ಮಾತ್ರೆಯಿಲ್ಲದೆ, ಅದನ್ನೇ ಶೀತವೆನ್ನುತ್ತ ಒದ್ದಾಡಿದವರು, ಅಂದು ಎಲ್ಲಿಂದಲೋ ಸಿಕ್ಕಿದ್ದೇ ತಡ, ಮೊದಲು ನುಂಗುತ್ತಿದ್ದಷ್ಟನ್ನೂ ಒಟ್ಟಿಗೆ ನುಂಗಿದ್ದರು. ಜೊತೆಗೆ ಶೀತಕ್ಕೆಂದು ನಿದ್ದೆ ಬರಿಸುವ ಇನ್ನೊಂದು. ಬಿಟ್ಟಾಗ ಮೈಗೆ ಅದರ ರೂಢಿ ತಪ್ಪಿರುತ್ತದೆ, ಮತ್ತೆ ಹಿಡಿದಾಗಲೇ ಜೀವ ಹೋಗುವ ಭಯ ಹೆಚ್ಚು ಎಂದು ಡಾಕ್ಟರು ಹೇಳಿದರು.

ಮರುವಾರ ಅದೇ ಆಸ್ಪತ್ರೆಯ ಮಾನಸಿಕ ರೋಗದ ಡಾಕ್ಟರನ್ನು ನೋಡಲು ಹೋದಾಗ ಅತ್ತಿಗೆಯ ಜೊತೆ ನಾನೂ ಇದ್ದೆ. "ಆ ಹುಡುಗಿನೂ ಇರ್ಲಿ, ಯನ್ನ ಎಳ್ಕಂಡು ಬಂದವಳು ಅವಳೇಯ" ಎಂದು ಅವರೇ ಹೇಳಿದ್ದರು. ಡಾಕ್ಟರು ಹಾವೇರಿ ಕಡೆಯ ಹೆಂಗಸು. "ಬರ್ರಿ, ಕುಂದರ್ರಿ. ಗ್ವಾಡಿ ಕಡೆ ಬೆನ್ನು ಬೇಕಾದ್ರ ಆ ಕುರ್ಚಿಗೆ ಕುಂದರ್ರಿ" ಎಂದರು. ಒಳಗೆ ಬಂದು ಅವರು ಸುತ್ತ ನೋಡಿದ ರೀತಿಯಲ್ಲೇ ಅದು ಆಕೆಗೆ ತಿಳಿದಿತ್ತು. ಎಷ್ಟು ಮಾತ್ರೆ, ಎಂದಿನಿಂದ ಎಂದೆಲ್ಲ ಕೇಳಿದ ಮೇಲೆ, "ಸಣ್ಣವರಿದ್ದಾಗ ಮನ್ಯಾಗ ಹೆಂಗಿತ್ರಿ?" ಎಂದರು.

ಅತ್ತಿಗೆ ಮೂವತ್ತು ವರ್ಷದ ಸಂಸಾರದಲ್ಲಿ ಕೇಳಿರದ ಸಂಗತಿ ಆಗ ಹೊರಗೆ ಬಂತು. ಐದಾರು ವರ್ಷಕ್ಕೆ ತಾಯಿ ತೀರಿಕೊಂಡಿದ್ದರು. ಅಪ್ಪನದು ಮುಂಗೋಪ. ಯಾವಾಗ ಹೊಡೆತ ಬೀಳುತ್ತದೆಂದು ಹೇಳುವಂತಿರಲಿಲ್ಲ, ಹೆಜ್ಜೆ ಸಪ್ಪಳ ಕೇಳಿದರೆ ಹುಡುಗ ಅಟ್ಟ ಹತ್ತುತ್ತಿದ್ದ. ಆಮೇಲೆ ಯಲ್ಲಾಪುರದಲ್ಲಿ ಖಾನಾವಳಿ ಇಟ್ಟಿದ್ದ ದೂರದ ಸಂಬಂಧಿಕರ ಮನೆಗೆ ಕಳಿಸಿದರು. ಶಾಲೆಯ ಜೊತೆ ಪಾತ್ರೆ ತಿಕ್ಕುವ ಕೆಲಸ.

"ಅಲ್ಲಿ ಹೊಡೀತಿರಲಿಲ್ಲ ಡಾಕ್ಟ್ರೇ. ಆದರೆ ಇವನಿಗೆ ಇದು ಇಷ್ಟ ಅಂತ ಮುಖದಲ್ಲಿ ಕಂಡರೆ ಅದನ್ನ ತಟ್ಟೆಯಿಂದ ತೆಗೀತಿದ್ದರು. ನಗಾಡ್ತಿದ್ದರು. ಆಡೋದು ಇಷ್ಟ ಅಂತ ಗೊತ್ತಾದರೆ ಆಟಕ್ಕೆ ಹೋಗೋದು ಬಂದ್. ಮೊದಮೊದಲು ಇಷ್ಟ ಇದ್ದದ್ದನ್ನ ಮುಖಕ್ಕೆ ಬರದ ಹಾಗೆ ಮಾಡ್ಕೊಂಡೆ. ಆಮೇಲೆ ಆಮೇಲೆ ಒಳಗೂ ಬರೋದು ನಿಂತು ಹೋಯ್ತು."

ಡಾಕ್ಟರು ಏನೂ ಬರೆದುಕೊಳ್ಳಲಿಲ್ಲ. "ಮತ್ತ ಆ ಮಾತ್ರಿ ತಗೊಂಡಾಗ?"

"ಮೊದಲ ದಿನ ಅನಿಸಿದ್ದು ನೋವು ಹೋಯ್ತು ಅಂತ ಅಲ್ಲ. ಓಹೋ, ಉಳಿದವರೆಲ್ಲ ದಿನಾ ಹೀಗೇ ಇರ್ತಾರಾ, ಅಂತ."

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಡಾಕ್ಟರು ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ. ಹಸಿದಾಗ ಊಟ, ಅತ್ತಾಗ ಮಡಿಲು, ಮಾಡಿದ ಕೆಲಸಕ್ಕೆ ಒಂದು ಶಹಬ್ಬಾಸ್: ಇಂಥ ಸಣ್ಣ ಸಣ್ಣ ಸುಖಗಳನ್ನು ತೆಗೆದುಕೊಳ್ಳುವ ದಾರಿಗಳು ಮಿದುಳಿನಲ್ಲಿ ಎಳವೆಯಲ್ಲೇ ಬಳಕೆಯಿಂದ ಬೆಳೆಯುತ್ತವೆ. ಹೆದರಿಕೆಯಲ್ಲೇ ಬೆಳೆದ ಮಗುವಿನ ಮಿದುಳು ಅಪಾಯ ಕಾಯುವುದರಲ್ಲೇ ತೊಡಗಿರುತ್ತದೆ, ಸುಖದ ದಾರಿಗಳು ಸೊರಗುತ್ತವೆ. ಮಿದುಳು ತಾನೇ ತಯಾರಿಸಿಕೊಳ್ಳುವ ಸಮಾಧಾನದ ರಸವೂ ಅಫೀಮಿನ ಬಳಗದ ಮಾತ್ರೆಯೂ ಹೋಗಿ ಕೂರುವ ಜಾಗ ಒಂದೇ. ಬೇರೆಯವರಿಗೆ ಆ ಮಾತ್ರೆ ನೋವು ತೆಗೆದರೆ, ಇಂಥವರಿಗೆ ಹುಟ್ಟಿದಾಗಿನಿಂದ ಕಾಣದ್ದನ್ನು ಕೊಟ್ಟಂತೆ ಆಗಬಹುದು. ಬಿಡುವುದು ಅದಕ್ಕೇ ಕಷ್ಟ.

"ಕಷ್ಟದಾಗ ಬೆಳೆದವರಿಗೆಲ್ಲ ಹಿಂಗ ಆಗೂದಿಲ್ರಿ. ಆದವ್ರದ್ದೂ ಇದು ಕೆಟ್ಟ ಗುಣ ಅಲ್ಲ, ಜಡ್ಡು. ಜಡ್ಡಿಗೆ ಔಷಧ ಐತಿ. ಸೊರಗಿದ್ದು ಈ ವಯಸ್ಸಿನಾಗೂ ಚಿಗೀತೈತಿ. ಆದ್ರ ಅವಸರ ಮಾಡಬ್ಯಾಡ್ರಿ."

ನಾಲಿಗೆಯ ಕೆಳಗಿಡುವ ಒಂದು ಮಾತ್ರೆ ಶುರುವಾಯಿತು. ದಿನವೂ ಆಸ್ಪತ್ರೆಗೆ ಹೋಗಿ ಅಲ್ಲಿಯೇ ಇಟ್ಟುಕೊಳ್ಳಬೇಕು. ಮೈ ಮುಳ್ಳೇಳುವುದು ನಿಂತಿತು, ನಿದ್ದೆ ಬಂತು. ಅದರ ಜೊತೆ ವಿಚಿತ್ರವಾದ ಒಂದು ಕೆಲಸವನ್ನೂ ಕೊಟ್ಟರು. ದಿನಕ್ಕೊಂದು, ಎಷ್ಟೇ ಸಣ್ಣದಿರಲಿ, ಹಿತವೆನಿಸಿದ್ದನ್ನು ಗುರುತಿಸಿ ಯಾರಿಗಾದರೂ ಬಾಯಿಬಿಟ್ಟು ಹೇಳಬೇಕು.

ಅವರು ಕೆಲಸಕ್ಕೆ ಮರಳಿದಾಗ ಮೈಕಿನ ಆ ಮದುವೆ ಕರೆಯ ದನಿ ಹೋಗಿತ್ತು. ಮತ್ತೆ ಹಳೆಯ ಒಣ ದನಿ. "ಸಾಹೇಬ್ರಿಗೆ ಮತ್ತೆ ಬೀಗ ಬಿತ್ತು" ಎಂದು ಕೆಲವರು ಗೊಣಗಿದರು. ನಾನು ಸಂಜೆ ಟಿಕೆಟ್ ಯಂತ್ರ ಒಪ್ಪಿಸಿ ಹೋಗುವಾಗ ಕಿಟಕಿಯಲ್ಲಿ ಇಣುಕಿ, "ಇವತ್ತೆಂತು ಅಣ್ಣಾ?" ಎನ್ನುತ್ತಿದ್ದೆ.

"ಎಂತದೂ ಇಲ್ಲೆ."

ಹೀಗೇ ತಿಂಗಳುಗಳು ಹೋದವು. ಮಧ್ಯೆ ಒಮ್ಮೆ ಜಾರಿದರು. ಯಾರಿಂದಲೋ ಮಾತ್ರೆ ಪಡೆದು ನುಂಗಿದರು. ಮರುದಿನ ಯಾರೂ ಕರೆಯದೆ ತಾವೇ ಡಾಕ್ಟರ ಬಳಿ ಹೋಗಿ ಹೇಳಿಕೊಂಡರು. ಆಕೆ ಬೈದಾರೆಂದು ಕಾದು ಕೂತಿದ್ದರಂತೆ. "ಬಂದು ಹೇಳಿದ್ರಲ್ಲ, ನನಗ ಬೇಕಾಗಿದ್ದು ಇದ" ಎಂದಷ್ಟೇ ಆಕೆ ಹೇಳಿದ್ದು. ಅದಾದ ಕೆಲವು ದಿನಕ್ಕೆ ನನ್ನ ಪ್ರಶ್ನೆಗೆ ಮೊದಲ ಬಾರಿ ಬೇರೆ ಉತ್ತರ ಬಂತು.

"ಬೆಳಿಗ್ಗೆ ಬಿಸ್ಲು ಬೆನ್ನ ಮೇಲೆ ಬಿತ್ತು. ಎದ್ದು ಹೋಗಕ್ಕು ಹೇಳಿ ಕಂಡಿದ್ದಿಲ್ಲೆ."

ಏಳಬೇಕೆನಿಸಲಿಲ್ಲವೆಂದು ಹೇಳಿದ ಮೇಲೆ, ನಾನು ಆ ಹಿತವನ್ನು ಕಸಿದುಕೊಂಡೇನು ಎಂಬಂತೆ ನನ್ನ ಮುಖ ನೋಡಿದರು. "ಚೊಲೋ ಆತು" ಎಂದೆ.

ನಾನು ಮರೆಯದೇ ಇರುವುದು ಆಮೇಲಿನ ಒಂದು ಭಾನುವಾರ. ಮಧ್ಯಾಹ್ನ ಅತ್ತಿಗೆ ಚಪ್ಪಲಿಯನ್ನೂ ಹಾಕದೆ ನಮ್ಮ ಮನೆಗೆ ಓಡಿ ಬಂದರು. ಕಣ್ಣಲ್ಲಿ ನೀರು. ಮತ್ತೆ ಮಾತ್ರೆಯೇ ಎಂದುಕೊಂಡು ಅಂಗಳಕ್ಕೆ ಓಡಿದೆ.

"ಎಂತ ಆತು ಅತ್ಗೇ?"

"ತಂಗೀ, ಇವು ಇವತ್ತು ಊಟಕ್ಕೆ ಕೂತ. ಒಂದ್ ತುತ್ತು ಉಂಡ, ಕೈ ನಿಲ್ಸಿದ. ಯನ್ನ ಮುಖ ನೋಡಿ ಹೇಳ್ದ, 'ಈ ಸಾರು ಯಂಗೆ ಸೇರ್ತಿಲ್ಲೆ' ಹೇಳಿ!"

"ಅಯ್ಯೋ, ಅದಕ್ಕೆ ಅಳದಾ?"

"ಮೂವತ್ತು ವರ್ಷ ಆತು ಮಾರಾಯ್ತಿ, ಆ ಸಾರು ಮಾಡ್ತಾ ಇದ್ದಿ. ಸೇರ್ತಿಲ್ಲೆ ಹೇಳಿ ಇವತ್ತು ಗೊತ್ತಾತು!" ಎಂದು ನಗುತ್ತ, ಅಳುತ್ತ ನಮ್ಮ ಮೆಟ್ಟಿಲ ಮೇಲೆ ಕೂತೇಬಿಟ್ಟರು. "ಮತ್ತೆಂತು ಬೇಕು ಹೇಳಿ ಕೇಳ್ದಿ. ಸುಮಾರು ಹೊತ್ತು ವಿಚಾರ ಮಾಡಿ, 'ಮಾವಿನ್ಕಾಯಿ ಅಪ್ಪೆಹುಳಿ ಅಡ್ಡಿಲ್ಲೆ' ಹೇಳ್ದ. ನಿಮ್ಮನೇಲಿ ಮಾವಿನ್ಕಾಯಿ ಇದ್ದಾ?"

ಇತ್ತು. ಕೊಟ್ಟೆ. ಸಂಜೆ ನೋಡುತ್ತೇನೆ, ಗಂಡ ಹೆಂಡತಿ ಅಂಗಳದಲ್ಲಿ ಕೂತು ಅಪ್ಪೆಹುಳಿಗೆ ಒಗ್ಗರಣೆ ಹೆಚ್ಚಾಯಿತೇ ಎಂದು ವಾದ ಮಾಡುತ್ತಿದ್ದಾರೆ. ಅವರ ದನಿ ಮದುವೆಗೆ ಕರೆದಂತೆಯೂ ಇರಲಿಲ್ಲ, ಒಣಗಿಯೂ ಇರಲಿಲ್ಲ. ಸ್ವಲ್ಪ ಹಟಮಾರಿ ದನಿ. ಅದು ಅವರದ್ದೇ ಇರಬೇಕು, ಅಂದೇ ನಾನು ಅದನ್ನು ಮೊದಲು ಕೇಳಿದ್ದು.

ನಾಲಿಗೆಯ ಕೆಳಗಿನ ಮಾತ್ರೆಯನ್ನು ಡಾಕ್ಟರು ನಿಧಾನವಾಗಿ ಇಳಿಸುತ್ತ ಬಂದು, ನಿವೃತ್ತಿಗೆ ಸ್ವಲ್ಪ ಮೊದಲು ನಿಲ್ಲಿಸಿದರು. ಕಳೆದ ವರ್ಷ ಅವರು ನಿವೃತ್ತರಾಗಿ ಸಿದ್ದಾಪುರದ ಕಡೆ ಮನ್ಮನೆ ಎಂಬ ಊರಿಗೆ ಹೋದರು. ಅದು ಅತ್ತಿಗೆಯ ತವರೂರು. ಆಮೇಲೆ ನಾನು ಅವರನ್ನು ಹೆಚ್ಚು ನೋಡಿಲ್ಲ.

ಈಚೆಗೆ ಅತ್ತಿಗೆಯ ಫೋನು ಬಂತು. ಅಣ್ಣನಿಗೆ ಹರ್ನಿಯಾ, ಶಿರಸಿಯಲ್ಲಿ ಆಪರೇಷನ್ ಮಾಡಿಸಲೇಬೇಕು. ನಾನೂ ಅತ್ತಿಗೆಯೂ ಭಾಯಿಯೂ ವರ್ಷಗಳಿಂದ ಒಳಗೊಳಗೇ ಹೆದರಿಕೊಂಡಿದ್ದ ಸಂಗತಿ ಇದೇ: ಮತ್ತೆ ಕೊಯ್ಯಬೇಕಾಗಿ ಬಂದರೆ, ಮತ್ತೆ ನೋವಾದರೆ, ಮತ್ತೆ ಮಾತ್ರೆ. ಆದರೆ ಈ ಸಲ ಅವರು ಆಪರೇಷನ್ ಮಾಡುವ ಡಾಕ್ಟರ ಮುಂದೆ ಕೂತದ್ದೇ, ಯಾರೂ ಕೇಳುವ ಮೊದಲು, "ನನಗೆ ಆ ಬಳಗದ ಮಾತ್ರೆ ಆಗೋದಿಲ್ಲ. ಒಮ್ಮೆ ಸಾಯ್ಲಿಕ್ಕೆ ಹೋಗಿ ಬಂದವ ನಾನು" ಎಂದು ಎಲ್ಲವನ್ನೂ ಹೇಳಿದ್ದರು. ಹಾವೇರಿಯ ಡಾಕ್ಟರೂ ಈ ಡಾಕ್ಟರೂ ಮಾತಾಡಿಕೊಂಡು ಬೇರೆ ಔಷಧಗಳಲ್ಲೇ ನಿಭಾಯಿಸಿದರು.

ಕೆಲಸ ಮುಗಿಸಿ ನಾನೂ ಭಾಯಿಯೂ ಆಸ್ಪತ್ರೆಗೆ ಹೋದೆವು. ಅವರು ದಿಂಬಿಗೆ ಒರಗಿದ್ದರು. ಮುಖ ಬಾಡಿತ್ತು, ಕಣ್ಣು ತಿಳಿಯಾಗಿತ್ತು. ಅತ್ತಿಗೆ ಮಂಚದ ಪಕ್ಕ ಕಂಬಿ ಹಿಡಿದು ನಿಂತಿದ್ದರು. ಪಕ್ಕದಲ್ಲೇ ಖಾಲಿ ಕುರ್ಚಿ ಇತ್ತು. ಆಪರೇಷನ್ ಆದಾಗಿನಿಂದ ಆಕೆ ಹೀಗೇ ನಿಂತಿದ್ದಾರೆಂದು ನರ್ಸ್ ಹೇಳಿದಳು. ಕೇಳಬೇಕಾದ್ದನ್ನು ಕೇಳಲು ಯಾರಿಗೂ ಧೈರ್ಯವಿಲ್ಲ. ಭಾಯಿ ನನ್ನ ಕಡೆ ನೋಡಿದರು. ನಾನೇ ಕೇಳಿದೆ.

"ನೋವಿತ್ತಾ ಅಣ್ಣಾ?"

"ಇತ್ತು. ರಾಶಿ ಇತ್ತು." ತಮ್ಮೊಳಗೇ ಹುಡುಕಿ ನೋಡುವವರಂತೆ ಕಣ್ಣು ಮುಚ್ಚಿ ತೆರೆದರು. "ಆದ್ರೆ ಬರೇ ನೋವೇಯ ತಂಗಿ. ಅದ್ರ ಹಿಂದೆ ಮತ್ತೆಂತದೂ ಇತ್ತಿಲ್ಲೆ. ಆ ಮಾತ್ರೆ ಬೇಕು ಹೇಳಿ ಕಂಡಿದ್ದಿಲ್ಲೆ."

ಭಾಯಿ ಉದ್ದಕ್ಕೆ ಉಸಿರು ಬಿಟ್ಟರು. ಅತ್ತಿಗೆ ಕಂಬಿ ಬಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಕೂತರು.